ಬೋರ್‌ವೆಲ್ ನೀರಿನಲ್ಲಿ ನಿಯಾನ್ ಟೆಟ್ರಾ ಏಕೆ ಉಳಿಯುತ್ತಿಲ್ಲ?

ಪ್ರಶ್ನೆ: ಮಾನ್ಯರೇ, ನಮ್ಮ ಮನೆ ದಾವಣಗೆರೆಯ ಹೊಸ ಬಡಾವಣೆಯೊಂದರಲ್ಲಿದ್ದು, ಬಳಕೆಗೆ ಬೋರ್‌ವೆಲ್ ನೀರೇ ಗತಿ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ತೊಟ್ಟಿಗೆ ಬಿಳಿ ಅಮೃತಶಿಲೆಯ ಚೂರುಗಳನ್ನು ಹಾಸಿ, ಗಿಡಗಳನ್ನು ನೆಟ್ಟು, ಹತ್ತು ನಿಯಾನ್ ಟೆಟ್ರಾ ಬಿಟ್ಟಿದ್ದೆವು. ಪ್ರತಿ ಭಾನುವಾರ ನೀರನ್ನೆಲ್ಲ ಚೆಲ್ಲಿ, ಕಲ್ಲು, ಫಿಲ್ಟರ್ ಎಲ್ಲವನ್ನೂ ತೊಳೆದು ಹೊಸ ನೀರು ತುಂಬುತ್ತಿದ್ದರೂ ಮೂರು ವಾರದೊಳಗೆ ಎಂಟು ಮೀನುಗಳು ಸತ್ತವು. ಉದ್ದನೆಯ ಎಲೆಗಳ ಮೇಲೆ ಬಿಳಿ ಪೊರೆ ಕಟ್ಟಿದೆ. ಅಂಗಡಿಯವರು ರೋಗವೆಂದು ಹೇಳಿ ನೀಲಿ ಔಷಧಿ ಕೊಟ್ಟಿದ್ದಾರೆ. ಪೂರ್ತಿ ಆರ್‌ಒ ನೀರಿಗೆ ಬದಲಾಯಿಸುವುದೇ ಪರಿಹಾರವೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಔಷಧಿಯ ಬಾಟಲಿಯನ್ನು ಸದ್ಯಕ್ಕೆ ಬದಿಗಿಡಿ. ಮೈಮೇಲೆ ಚುಕ್ಕೆ, ಬೂಷ್ಟು, ಗಾಯಗಳ ಮಾತನ್ನೇ ನೀವು ಬರೆದಿಲ್ಲವಾದ್ದರಿಂದ ಇದು ರೋಗಕ್ಕಿಂತ ಹೆಚ್ಚಾಗಿ ನೀರಿನ ತೊಂದರೆಯೆಂದೇ ತೋರುತ್ತದೆ. ಅದರಲ್ಲೂ ಎರಡು ತೊಂದರೆಗಳು ಒಟ್ಟಿಗೆ ಸೇರಿಕೊಂಡಿವೆ.

ದೊಡ್ಡ ತೊಂದರೆ ಭಾನುವಾರದ ಸ್ವಚ್ಛತೆಯದು. ಮೀನಿನ ಕಿವಿರಿನಿಂದಲೂ, ಅದರ ಮಲ ಮತ್ತು ಉಳಿದ ಆಹಾರ ಕೊಳೆಯುವುದರಿಂದಲೂ ನೀರಿಗೆ ಅಮೋನಿಯ ಸೇರುತ್ತಲೇ ಇರುತ್ತದೆ. ಅದನ್ನು ಮೊದಲು ನೈಟ್ರೈಟ್ ಆಗಿಯೂ ಬಳಿಕ ನೈಟ್ರೇಟ್ ಆಗಿಯೂ ಬದಲಾಯಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜು ಮತ್ತು ತಳದ ಕಲ್ಲುಗಳ ಮೇಲೆ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಮೊದಲೆರಡು ವಸ್ತುಗಳು ಮೀನಿಗೆ ವಿಷ. ಕೊನೆಯದು ಗಿಡಗಳಿಗೆ ಗೊಬ್ಬರ. ಈ ಬ್ಯಾಕ್ಟೀರಿಯಾಗಳು ನೆಲೆಯೂರುವ ಮೊದಲೇ ನೀವು ಅವುಗಳನ್ನು ವಾರಕ್ಕೊಮ್ಮೆ ನಲ್ಲಿಯ ಕೆಳಗೆ ತೊಳೆದುಬಿಡುತ್ತಿದ್ದೀರಿ. ಅಮೋನಿಯಕ್ಕೆ ಬಣ್ಣವಿಲ್ಲದ ಕಾರಣ ನೀರು ಕನ್ನಡಿಯಂತೆ ಕಂಡರೂ ಮೀನು ಸಾಯುತ್ತದೆ. ನೀರಿನ ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯದ ವಿಷಕಾರಿ ಭಾಗ ಸುಮಾರು ಹತ್ತು ಪಟ್ಟಾಗುತ್ತದೆ. ಗಡಸು ನೀರಿನ ಪಿಎಚ್ ಸಾಮಾನ್ಯವಾಗಿ 8ರ ಆಸುಪಾಸಿನಲ್ಲಿರುವುದರಿಂದ ಇದೇ ತಪ್ಪಿಗೆ ನಿಮ್ಮಲ್ಲಿ ಶಿಕ್ಷೆ ಹೆಚ್ಚು.

ಎರಡನೆಯದು ಮೀನಿನ ಆಯ್ಕೆ. ನಿಯಾನ್ ಟೆಟ್ರಾದ ಮೂಲ ನೆಲೆ ದಕ್ಷಿಣ ಅಮೆರಿಕದ ಅಮೆಜಾನ್ ಜಲಾನಯನದ ಮೇಲ್ಭಾಗದ, ಖನಿಜಾಂಶ ತೀರ ಕಡಿಮೆಯಿರುವ ಮೆದು ನೀರಿನ ತೊರೆಗಳು. ಮಾರಾಟಕ್ಕೆ ಬರುವ ಬಹುತೇಕ ಮೀನುಗಳು ಸಾಕಣೆ ಕೇಂದ್ರಗಳಲ್ಲೇ ಹುಟ್ಟಿದವಾದ್ದರಿಂದ ಸಾಧಾರಣ ಗಡಸುತನವನ್ನು ತಾಳಿಕೊಳ್ಳುತ್ತವೆ, ನಿಜ. ಆದರೆ ನಮ್ಮ ಬಯಲುಸೀಮೆಯ ಆಳದ ಬೋರ್‌ವೆಲ್ ನೀರು ಅನೇಕ ಕಡೆ ಸಾಧಾರಣದ ಮಿತಿಯೊಳಗಿಲ್ಲ. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಒಪ್ಪುವ ಮಟ್ಟವೆಂದೂ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ನಡೆಯುತ್ತದೆಂದೂ ಹೇಳುತ್ತದೆ. ಮನುಷ್ಯರಿಗೆ ನಡೆಯುವ ಆ 600 ನಿಯಾನ್ ಮೀನಿಗೆ ಸಲ್ಲದು.

ಎಲೆಯ ಮೇಲಿನ ಪೊರೆಯೇ ನಿಮ್ಮ ನೀರು ಎಂಥದೆಂದು ಹೇಳುತ್ತಿದೆ. ಒಂದು ಎಲೆಯನ್ನು ಕಿತ್ತು ಬೆರಳುಗಳ ನಡುವೆ ಉಜ್ಜಿ ನೋಡಿ: ಲೋಳೆಯಾಗಿದ್ದರೆ ಅದು ಪಾಚಿಯೋ ಬೂಷ್ಟೋ ಆಗಿರುತ್ತದೆ, ನುಣ್ಣನೆಯ ಮರಳಿನಂತೆ ತರಿತರಿಯಾಗಿದ್ದು, ಮೇಲೆ ಒಂದು ಹನಿ ವಿನೆಗರ್ ಬಿಟ್ಟಾಗ ಸಣ್ಣ ಗುಳ್ಳೆಗಳೆದ್ದರೆ ಸುಣ್ಣ. ಗೀಸರಿನ ಕಾಯಿಲ್‌ಗೆ ಕಟ್ಟುವುದೂ ಇದೇ. ನಿಮ್ಮಲ್ಲಿರುವ ಉದ್ದೆಲೆಯ ಗಿಡ ಬಹುಶಃ ವ್ಯಾಲಿಸ್ನೇರಿಯಾ. ಕರಗಿದ ಇಂಗಾಲದ ಡೈಆಕ್ಸೈಡ್ ಸಾಲದೆ ಹೋದಾಗ ಅದು ನೀರಿನಲ್ಲಿರುವ ಬೈಕಾರ್ಬೊನೇಟನ್ನು ಹೀರಿ ಆಹಾರ ತಯಾರಿಸಬಲ್ಲದು. ಆಗ ಎಲೆಯ ಮೇಲ್ಮೈಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿಯಾಗಿ ಉಳಿಯುತ್ತದೆ. ಅಂದರೆ ಗಿಡಕ್ಕೆ ರೋಗವಿಲ್ಲ, ಅದು ಈ ನೀರಿಗೆ ಚೆನ್ನಾಗಿಯೇ ಒಗ್ಗಿಕೊಂಡಿದೆ. ಅದರೊಂದಿಗೆ ಹೈಡ್ರಿಲ್ಲಾ, ಅನುಬಿಯಾಸ್, ಜಾವಾ ಫರ್ನ್‌ಗಳನ್ನೂ ಬೆಳೆಸಬಹುದು. ಕೊನೆಯ ಎರಡನ್ನು ಮರದ ತುಂಡಿಗೆ ದಾರದಿಂದ ಕಟ್ಟಿಡಬೇಕು. ಅವುಗಳ ದಪ್ಪ ಕಾಂಡವನ್ನು ಮರಳಿನಲ್ಲಿ ಹೂತರೆ ಕೊಳೆಯುತ್ತದೆ.

ಆರ್‌ಒ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಮೊದಲ ತೊಟ್ಟಿಗೆ ನೀರನ್ನು ಮೀನಿಗೆ ಹೊಂದಿಸುವುದಕ್ಕಿಂತ ಮೀನನ್ನು ನೀರಿಗೆ ಹೊಂದಿಸುವುದು ಲೇಸು. ಗಪ್ಪಿ, ಪ್ಲಾಟಿ, ಮೋಲಿಗಳು ಗಡಸು ನೀರನ್ನೇ ಬಯಸುವ ಮೀನುಗಳು. ನಮ್ಮ ದೇಶದ್ದೇ ಆದ ಜೀಬ್ರಾ ಡ್ಯಾನಿಯೊ ಕೂಡ ಗಟ್ಟಿ ಜೀವ. ಗಪ್ಪಿಯಲ್ಲಿ ಗಂಡುಗಳನ್ನಷ್ಟೇ ತಂದರೆ ಮರಿಗಳ ಸಂತೆ ತಪ್ಪುತ್ತದೆ; ಹೆಚ್ಚಾದ ಮರಿಗಳನ್ನು ಭದ್ರಾ ಕಾಲುವೆಗೋ ಕುಂದವಾಡ ಕೆರೆಗೋ ಬಿಡುವ ಯೋಚನೆ ಬೇಡ, ಅಲ್ಲಿನ ಸ್ಥಳೀಯ ಮೀನುಗಳಿಗೆ ಅದರಿಂದ ತೊಂದರೆ. ನಿಯಾನೇ ಬೇಕೆಂದಿದ್ದರೆ ಬೋರ್‌ವೆಲ್ ನೀರು ಒಂದು ಪಾಲು, ಶುದ್ಧ ಕುಡಿಯುವ ನೀರಿನ ಘಟಕದ ನೀರು ಎರಡು ಪಾಲು ಬೆರೆಸಿ, ಪ್ರತಿ ಬಾರಿಯೂ ಅದೇ ಅನುಪಾತವನ್ನು ಪಾಲಿಸಿ. ಖನಿಜವೇ ಇಲ್ಲದ ಬರೀ ಆರ್‌ಒ ನೀರಿನಲ್ಲಿ ಪಿಎಚ್ ನಿಲ್ಲದೆ ಏರುಪೇರಾಗುತ್ತದೆ. ಆಗ ಅಮೃತಶಿಲೆಯನ್ನೂ ತೆಗೆಯಲೇಬೇಕು. ಅದೂ ಕ್ಯಾಲ್ಸಿಯಂ ಕಾರ್ಬೊನೇಟೇ ಆಗಿರುವುದರಿಂದ ಮೆದು ನೀರಿನಲ್ಲಿ ನಿಧಾನವಾಗಿ ಕರಗಿ ಮತ್ತೆ ಗಡಸು ಮಾಡುತ್ತದೆ. ಮನೆಗೆ ನಗರಪಾಲಿಕೆಯ ನಲ್ಲಿ ಬಂದರೆ ಆ ನೀರು ಸಾಮಾನ್ಯವಾಗಿ ಬೋರ್‌ವೆಲ್‌ಗಿಂತ ಮೆದು. ಆದರೆ ಕ್ಲೋರಿನ್ ತೆಗೆಯಲು ಸೋಡಿಯಂ ಥಯೋಸಲ್ಫೇಟ್ ಬೆರೆಸಬೇಕು.

ಉಳಿದಿರುವ ಎರಡು ಮೀನುಗಳಿಗಾಗಿ ಒಂದು ವಾರ ದಿನಕ್ಕೆ ಕಾಲು ಭಾಗದಷ್ಟು ನೀರನ್ನು ಮಾತ್ರ ಬದಲಾಯಿಸಿ, ಚಿಟಿಕೆ ಆಹಾರವನ್ನು ದಿನ ಬಿಟ್ಟು ದಿನ ಕೊಡಿ. ಬೋರ್‌ವೆಲ್‌ನಿಂದ ಆಗತಾನೇ ಎತ್ತಿದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು ಇರುವ ಸಂಭವವಿರುವುದರಿಂದ ಬಕೆಟ್‌ನಲ್ಲಿ ಒಂದು ದಿನ ಗಾಳಿಯಾಡಲು ಬಿಟ್ಟು ಬಳಸಿ. ನಂತರ ವಾರಕ್ಕೊಮ್ಮೆ ಕಾಲು ಭಾಗ ಸಾಕು. ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಹಿಂಡಿ ವಾಪಸು ಇಡಿ. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ತೋರಿಸುವವರೆಗೆ ಹೊಸ ಮೀನು ತರಬೇಡಿ. ಹಾಸಿದ ಕಲ್ಲು ಕಳೆದು ಸುಮಾರು 45 ಲೀಟರ್ ಹಿಡಿಯುವ ನಿಮ್ಮ ತೊಟ್ಟಿಗೆ ಎಂಟು ಹತ್ತು ಸಣ್ಣ ಮೀನುಗಳೇ ಮಿತಿ.

ಪ್ರಶ್ನೆ: ಏಪ್ರಿಲ್‌ನಲ್ಲಿ ನಮ್ಮ ತೊಟ್ಟಿಯ ನೀರು 33 ಡಿಗ್ರಿ ಮುಟ್ಟುತ್ತದೆ. ಬೆಳಗಿನ ಜಾವ ಗಪ್ಪಿಗಳು ಮೇಲೆ ಬಂದು ಬಾಯಿ ಬಡಿಯುತ್ತವೆ. ಐಸ್ ಹಾಕಬಹುದೇ?
— ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಬೇಡ, ತಾಪಮಾನದ ದಿಢೀರ್ ಏರಿಳಿತ ಬಿಸಿಗಿಂತ ಕೆಟ್ಟದ್ದು. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. ಜೊತೆಗೆ ರಾತ್ರಿ ಗಿಡಗಳೂ ಉಸಿರಾಡುವುದರಿಂದ ಬೆಳಗಿನ ಜಾವಕ್ಕೆ ಕೊರತೆ ಹೆಚ್ಚುತ್ತದೆ. ಏರ್ ಪಂಪನ್ನು ರಾತ್ರಿಯಿಡೀ ನಡೆಸಿ, ಮುಚ್ಚಳ ತೆಗೆದು ಬಲೆ ಹೊದಿಸಿ, ಸಣ್ಣ ಫ್ಯಾನಿನ ಗಾಳಿ ನೀರಿನ ಮೇಲೆ ಹಾಯುವಂತಿಡಿ. ದುರ್ಗದ ಒಣಹವೆಯಲ್ಲಿ ನೀರು ಬೇಗ ಆವಿಯಾಗುವುದರಿಂದ ಇಷ್ಟರಿಂದಲೇ ಎರಡು ಮೂರು ಡಿಗ್ರಿ ಇಳಿಯುತ್ತದೆ. ಕರಾವಳಿಯ ಸೆಖೆಯಲ್ಲಿ ಈ ಉಪಾಯ ಇಷ್ಟು ಫಲಿಸದು. ಆದರೆ ಆವಿಯಾಗುವುದು ನೀರು ಮಾತ್ರ, ಲವಣಗಳೆಲ್ಲ ಒಳಗೇ ಉಳಿಯುತ್ತವೆ. ಹಾಗಾಗಿ ತಗ್ಗಿದಷ್ಟನ್ನು ಆರ್‌ಒ ನೀರಿನಿಂದಲೇ ತುಂಬಿ. ಕರೆಂಟ್ ಹೋದ ದಿನ ಆಹಾರ ನಿಲ್ಲಿಸಿ, ಆಗಾಗ ಒಂದು ಚೊಂಬು ನೀರನ್ನು ತೊಟ್ಟಿಯಿಂದಲೇ ಎತ್ತಿ ಒಂದು ಗೇಣು ಮೇಲಿನಿಂದ ಸುರಿಯುತ್ತಿರಿ; ಬ್ಯಾಟರಿಯ ಏರ್ ಪಂಪ್ ತಂದಿಟ್ಟುಕೊಂಡರೆ ಆ ಕೆಲಸವೂ ಉಳಿಯುತ್ತದೆ.