ಉ: ಅಪ್ಪ ಆಸ್ಬೆಸ್ಟಾಸ್ ಶೀಟ್ ಫ್ಯಾಕ್ಟರಿ ಬಿಟ್ಟು 10 ವರ್ಷ ಆಯ್ತು, ಈಗ್ಲೂ ಭಯ ಇದ್ಯಾ?

ನಿಮ್ ತಂದೆ ಎಕ್ಸ್‌ರೇ ನಾರ್ಮಲ್ ಬಂತು ಅಂತ ದಯವಿಟ್ಟು ಸುಮ್ನಾಗ್ಬೇಡಿ ಸರ್, ಆಸ್ಬೆಸ್ಟಾಸ್ (ಶೀಟ್‌ಗೆ ಹಾಕೋ ನಾರಿನಂಥ ಖನಿಜ) ಧೂಳು ಕುಡಿದವ್ರಿಗೆ ಮೆಸೊಥೆಲಿಯೋಮಾ ಅನ್ನೋ, ಹೆಚ್ಚಾಗಿ ಶ್ವಾಸಕೋಶದ ಹೊರಪೊರೆಗೆ ಬರೋ ಕ್ಯಾನ್ಸರ್ ಕಾಣಿಸ್ಕೊಳ್ಳೋಕೆ 20ರಿಂದ 40 ವರ್ಷ, ಕೆಲವ್ರಿಗೆ ಇನ್ನೂ ಜಾಸ್ತಿ ಹಿಡಿಯುತ್ತೆ. ನಂಗೆ ಜಾಸ್ತಿ ಚಿಂತೆ ಆಗಿದ್ದು ನಿಮ್ ತಂದೆ ಇನ್ನೂ ಬೀಡಿ ಸೇದ್ತಾರೆ ಅಂದ್ರಲ್ಲ, ಅದು. 1979ರಲ್ಲಿ ಅಮೆರಿಕದ ಇನ್ಸುಲೇಷನ್ ಕೆಲಸಗಾರರ ಸಾವಿನ ಲೆಕ್ಕ ಬಂತು, ಆಸ್ಬೆಸ್ಟಾಸ್, ಸಿಗರೇಟ್ ಎರಡೂ ಇಲ್ಲದವ್ರಿಗೆ ಹೋಲಿಸಿದ್ರೆ ಶ್ವಾಸಕೋಶದ ಕ್ಯಾನ್ಸರ್‌ನಿಂದ ಸತ್ತೋರು ಬರೀ ಆಸ್ಬೆಸ್ಟಾಸ್ ಇದ್ದವ್ರಲ್ಲಿ ಸುಮಾರು 5 ಪಟ್ಟು, ಜೊತೆಗೆ ಸಿಗರೇಟೂ ಇದ್ದವ್ರಲ್ಲಿ 50 ಪಟ್ಟಿಗೂ ಮೇಲೆ! ಮೊದ್ಲು ಬೀಡಿ ಬಿಡಿಸಿ. ಎದೆರೋಗದ ಡಾಕ್ಟರ್‌ಗೆ ಯಾವ ಸೆಕ್ಷನ್, ಎಷ್ಟು ವರ್ಷ, ಆಸ್ಬೆಸ್ಟಾಸ್ ಚೀಲ ಬಿಚ್ಚಿ ಸುರಿಯೋ ಕೆಲಸಾನಾ ಅಂತೆಲ್ಲ ಬಿಡಿಸಿ ಹೇಳಿ, ಸಿಟಿ ಸ್ಕ್ಯಾನ್ ಬೇಕಾ ಕೇಳಿ. ಫ್ಯಾಕ್ಟರಿಯಿಂದ ಹೆಲ್ತ್ ರೆಕಾರ್ಡೂ ತಗೊಳ್ಳಿ, 1995ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಕೆಲಸ ಬಿಟ್ಟ ಮೇಲೂ ಕನಿಷ್ಠ 15 ವರ್ಷ ಅವ್ರು ಅದನ್ನ ಇಟ್ಟಿರ್ಲೇಬೇಕು.