ಮೈಸೂರು–ಮಂಡ್ಯ ಕಡೆ ಕಾವೇರಿ ಬಯಲಿನಲ್ಲಿ ವಾಹನಗಳ ಕಾಟವಿಲ್ಲದೆ ಗ್ರಾವೆಲ್ ಸೈಕಲ್ (ಮಣ್ಣುದಾರಿಗೆ ಹೊಂದುವ ಅಗಲ ಟೈರಿನ ಸೈಕಲ್) ಓಡಿಸಲು ಎಲ್ಲಿಗೆ ಹೋಗಬೇಕು, ಏನೇನು ತಯಾರಿ ಬೇಕು?

ಹೊಳೆಯ ಪಕ್ಕ ಸಮತಟ್ಟಾದ ಮಣ್ಣುದಾರಿ ಬೇಕು, ಕಾರು ಲಾರಿ ಇರಬಾರದು, ಈಗಿರುವ ಹೈಬ್ರಿಡ್ ಸೈಕಲ್ ಸಾಕಾಗುತ್ತದೆಯೇ ಎಂದು ಕೇಳಿದ್ದೀರಿ. 38 ಅಥವಾ 40 ಮಿ.ಮೀ. ಟೈರ್ ಹಿಡಿಸಿದರೆ ಹೈಬ್ರಿಡ್ ಧಾರಾಳ ಸಾಕು. ದಾರಿಯ ವಿಷಯಕ್ಕೆ ಬಂದರೆ, ಹೊಳೆಯ ದಡವನ್ನೇ ಹುಡುಕಬೇಡಿ, ನಾಲೆಯ ಏರಿ ಹಿಡಿಯಿರಿ. ಕಾವೇರಿಯ ದಡದಲ್ಲಿ ಬಹಳ ಕಡೆ ತೋಟ, ಗದ್ದೆ ನೀರಿನ ಅಂಚಿನವರೆಗೂ ಬಂದಿರುವುದರಿಂದ ಉದ್ದಕ್ಕೂ ಸಾಗುವ ದಾರಿ ಸಿಗುವುದಿಲ್ಲ. ನಾಲೆಯ ಪಕ್ಕದಲ್ಲಾದರೆ ನಿರ್ವಹಣೆಗೆಂದು ಬಿಟ್ಟ ದಾರಿ ಇದ್ದೇ ಇರುತ್ತದೆ.

ಆ ದಾರಿ ಯಾಕೆ ಅಷ್ಟು ಸಪಾಟು ಎಂಬುದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಪಂಪಿಲ್ಲದೆ ನೀರು ತಾನಾಗಿ ಹರಿಯಬೇಕು, ಆದರೆ ಏರಿ ಕೊರೆಯುವಷ್ಟು ರಭಸ ಇರಬಾರದು. ಹಾಗಾಗಿ ನಾಲೆ ನೆಲದ ಒಂದೇ ಮಟ್ಟ ಹಿಡಿದು, ಹಳ್ಳ ಬಂದಲ್ಲಿ ಒಳಕ್ಕೆ ಬಳಸಿ, ದಿಣ್ಣೆ ಬಂದಲ್ಲಿ ಸುತ್ತಿಕೊಂಡು ಹೋಗುತ್ತದೆ. ನಿಮಗೆ ಏರು ಸಿಗುವುದಿಲ್ಲ, ಬದಲಿಗೆ ದೂರ ಬೆಳೆಯುತ್ತದೆ. ರಸ್ತೆಯಲ್ಲಿ 10 ಕಿ.ಮೀ. ಇರುವ ಊರಿಗೆ ಏರಿಯ ಮೇಲೆ 14–15 ಕಿ.ಮೀ. ಆದರೆ ಆಶ್ಚರ್ಯಪಡಬೇಡಿ. ಮೇಲ್ಗಡೆ ರಾಗಿ, ಹುರುಳಿಯ ಬೆದ್ದಲು, ಕೆಳಗಡೆ ಭತ್ತ, ಕಬ್ಬು: ನಾಲೆ ಎಳೆದ ಗೆರೆ ಕಣ್ಣಿಗೇ ಕಾಣುತ್ತದೆ. ಓಡಾಡುವಂಥ ದಾರಿ ಸಾಮಾನ್ಯವಾಗಿ ಕೆಳಗಡೆಯ, ಅಂದರೆ ಗದ್ದೆ ಕಡೆಯ ಏರಿಯ ಮೇಲಿರುತ್ತದೆ. ದಾರಿ ಪೊದೆಯೊಳಗೆ ಮುಚ್ಚಿಹೋಗಿದೆ ಅನ್ನಿಸಿದರೆ ಮುಂದಿನ ಸೇತುವೆಯಲ್ಲಿ ಆಚೆ ದಡಕ್ಕೆ ದಾಟಿ ನೋಡಿ.

ಎಲ್ಲ ನಾಲೆಯೂ ಒಂದೇ ಅಲ್ಲ. ಕನ್ನಂಬಾಡಿಯ ಎಡದಂಡೆಯಿಂದ ಪಾಂಡವಪುರದ ಕಡೆ ಹೊರಡುವ ವಿಶ್ವೇಶ್ವರಯ್ಯ ನಾಲೆ ದೊಡ್ಡದು. ಅದರ ಪಕ್ಕದ ದಾರಿ ಹಲವೆಡೆ ಡಾಂಬರು ಕಂಡಿದೆ, ಬೈಕು, ಟ್ರ್ಯಾಕ್ಟರ್, ಕಾರು ಎಲ್ಲ ಓಡಾಡುತ್ತವೆ. ಜೊತೆಗೆ ಹುಳಿಕೆರೆಯಲ್ಲಿ ಈ ನಾಲೆ ಎರಡೂವರೆ ಕಿ.ಮೀ.ಗೂ ಹೆಚ್ಚು ಉದ್ದದ ಸುರಂಗದೊಳಗೆ ಹೋಗುವುದರಿಂದ ಏರಿ ಅಲ್ಲಿಗೇ ಕಡಿಯುತ್ತದೆ, ಊರ ರಸ್ತೆಯಲ್ಲಿ ಬಳಸಿ ಹೋಗಬೇಕು. ನೀವು ಕೇಳುತ್ತಿರುವ ನೆಮ್ಮದಿ ಸಿಗುವುದು ಅದರ ಕವಲು ನಾಲೆಗಳಲ್ಲಿ, ಮತ್ತು ಕನ್ನಂಬಾಡಿಗಿಂತ ಎಷ್ಟೋ ಹಿಂದೆ ಹೊಳೆಗೇ ಅಡ್ಡಕಟ್ಟೆ ಹಾಕಿ ತೆಗೆದ ಹಳೆಯ ನಾಲೆಗಳಲ್ಲಿ: ವಿರಿಜಾ, ಚಿಕ್ಕದೇವರಾಯ ಸಾಗರ, ಬಂಗಾರದೊಡ್ಡಿ. ಇವು ಹೊಳೆಯಿಂದ ಹೆಚ್ಚು ದೂರ ಹೋಗುವುದಿಲ್ಲ. ದಾರಿ ಎತ್ತಿನ ಗಾಡಿಯ ಅಗಲ, ಎರಡು ಚಕ್ರದ ಜಾಡು, ನಡುವೆ ಗರಿಕೆ. ನನ್ನನ್ನು ಕೇಳಿದರೆ ಗ್ರಾವೆಲ್ ಸೈಕಲಿಗೆ ಇದಕ್ಕಿಂತ ಒಳ್ಳೆಯ ಜಾಗ ಮೈಸೂರಿನ ಸುತ್ತ ಇಲ್ಲ.

ಮೊದಲ ಸಲಕ್ಕೆ ಶ್ರೀರಂಗಪಟ್ಟಣದಿಂದ ಹೊರಟು ಪಾಲಹಳ್ಳಿ, ಬೆಳಗೊಳದ ಕಡೆ ವಿರಿಜಾ ನಾಲೆಯ ಜಾಡು ಹಿಡಿದು ಬಲಮುರಿವರೆಗೆ ಹೋಗಿ ಬನ್ನಿ. ಎರಡೂ ಕಡೆ ಸೇರಿ 30 ಕಿ.ಮೀ. ಆಸುಪಾಸು. ಏರಿ ಕಡಿದಲ್ಲಿ ಊರ ರಸ್ತೆಗೆ ಇಳಿದು ಮತ್ತೆ ಹತ್ತಬೇಕು. ಸರಾಸರಿ ವೇಗ ಗಂಟೆಗೆ 15 ಕಿ.ಮೀ. ಎಂದೇ ಲೆಕ್ಕ ಹಾಕಿ. ಬೆಂಗಳೂರಿನಿಂದ ಸೈಕಲ್ ತುಳಿದೇ ಬರುವ ಯೋಚನೆ ಇದ್ದರೆ, ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕು, ಸೈಕಲ್ಲುಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ.

ದಾರಿ ಗುರುತು ಮಾಡಲು ಮಾಮೂಲಿ ನಕ್ಷೆ ಬಿಟ್ಟು ಉಪಗ್ರಹ ಚಿತ್ರ ನೋಡಿ. ನೀರಿನ ಪಕ್ಕ ತಿಳಿಗೆಂಪು ಗೆರೆ ಎದ್ದು ಕಂಡರೆ ದಾರಿ ಇದೆ, ಹಸಿರು ಮಸುಕಾಗಿದ್ದರೆ ಪೊದೆ ಬೆಳೆದಿದೆ. ಚಿತ್ರ ಯಾವ ತಿಂಗಳದ್ದು ಎಂದೂ ನೋಡಿಕೊಳ್ಳಿ. ಏಪ್ರಿಲ್‌ನಲ್ಲಿ ಬೋಳಾಗಿ ಕಂಡ ಏರಿಯ ಮೇಲೆ ಅಕ್ಟೋಬರ್‌ನಲ್ಲಿ ಹುಲ್ಲು ಹ್ಯಾಂಡಲ್ ಮುಟ್ಟುತ್ತದೆ.

ಯಾವಾಗ ಹೋಗಬೇಕು ಎನ್ನುವುದನ್ನು ನಾಲೆಯ ನೀರೇ ಹೇಳುತ್ತದೆ. ಮುಂಗಾರಿನಲ್ಲಿ ಅಣೆಕಟ್ಟೆಗೆ ನೀರು ಬಂದು ನಾಲೆಗೆ ಬಿಟ್ಟ ಮೇಲೆ ನಾಟಿ ಕೆಲಸ ಶುರು. ಕೇಜ್ ವೀಲ್ (ಕೆಸರುಗದ್ದೆಗೆ ಹಾಕುವ ಕಬ್ಬಿಣದ ಚಕ್ರ) ಹಾಕಿದ ಟ್ರ್ಯಾಕ್ಟರ್ ಗದ್ದೆಯಿಂದ ಏರಿಗೆ ಹತ್ತಿದ ಕಡೆಯೆಲ್ಲ ಕೆಸರು ಹೆಂಟೆ. ಅಕ್ಟೋಬರ್, ನವೆಂಬರ್‌ನಲ್ಲಿ ಸಂಜೆ ಮಳೆ ಸುರಿಯುತ್ತದೆ, ಆ ಎರಡು ತಿಂಗಳು ಬೇಡ. ಡಿಸೆಂಬರ್ ನಡುವಿನಿಂದ ಫೆಬ್ರವರಿವರೆಗೆ ನೆಲ ಒಣಗಿ ಗಟ್ಟಿಯಾಗಿರುತ್ತದೆ, ಅದೇ ಒಳ್ಳೆಯ ಕಾಲ. ಮಾರ್ಚ್‌ ನಂತರ ಬೆಳಿಗ್ಗೆ 9ರೊಳಗೆ ಮುಗಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ಜೋರು, ಬಯಲಿನಲ್ಲಿ ಅದೇ ದೊಡ್ಡ ಏರು. ಆಗ ಪೂರ್ವದಿಂದ ಪಶ್ಚಿಮಕ್ಕೆ, ಅಂದರೆ ಕನ್ನಂಬಾಡಿಯ ದಿಕ್ಕಿಗೆ ಮೊದಲು ತುಳಿಯಿರಿ. ಕಾಲು ಸೋತ ಮೇಲೆ ವಾಪಸಾಗುವಾಗ ಗಾಳಿ ಬೆನ್ನಿಗಿರುತ್ತದೆ.

ಇನ್ನು ಟೈರ್. 70 ಕೆ.ಜಿ. ತೂಕದವರಿಗೆ 40 ಮಿ.ಮೀ. ಟ್ಯೂಬ್‌ಲೆಸ್ ಟೈರಿನಲ್ಲಿ ಮುಂದೆ 30, ಹಿಂದೆ 33 ಪಿಎಸ್‌ಐ ಗಾಳಿಯಿಂದ ಶುರು ಮಾಡಿ. ಟ್ಯೂಬ್ ಇದ್ದರೆ ಎರಡಕ್ಕೂ 7–8 ಹೆಚ್ಚಿಸಿ, ಇಲ್ಲದಿದ್ದರೆ ಕಲ್ಲಿಗೆ ಬಡಿದಾಗ ರಿಮ್ ಮತ್ತು ಕಲ್ಲಿನ ನಡುವೆ ಟ್ಯೂಬ್ ನಜ್ಜಾಗಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಕೈ ಜುಮ್ಮೆನ್ನುತ್ತಿದ್ದರೆ ಗಾಳಿ ಹೆಚ್ಚಾಗಿದೆ ಎಂದರ್ಥ, ತಿರುವಿನಲ್ಲಿ ಹಿಂದಿನ ಚಕ್ರ ತೊನೆದಾಡಿದರೆ ಕಡಿಮೆಯಾಗಿದೆ. ಮುಳ್ಳಿನ ದೃಷ್ಟಿಯಿಂದ ಟ್ಯೂಬ್‌ಲೆಸ್ಸೇ ಮೇಲು. ಜಾಲಿಮುಳ್ಳು ವರ್ಷವಿಡೀ ಇರುತ್ತದೆ, ಮಳೆ ನಿಂತ ಮೇಲೆ ಗರಿಕೆಯ ನಡುವೆ ನೆಗ್ಗಿಲು ಮುಳ್ಳೂ ಸೇರುತ್ತದೆ. ಟ್ಯೂಬ್‌ಲೆಸ್ ಟೈರಿಗೆ ತಲಾ 70–80 ಮಿ.ಲೀ. ಸೀಲೆಂಟ್, ಅಂದರೆ ತೂತು ಮುಚ್ಚುವ ದ್ರವ ಹಾಕಿ. ನಮ್ಮ ಬಿಸಿಲಿಗೆ ಅದು ಎರಡು ಮೂರು ತಿಂಗಳಲ್ಲಿ ಒಣಗುತ್ತದೆ. ಚಕ್ರ ಅಲುಗಿಸಿದಾಗ ಒಳಗೆ ದ್ರವದ ಸದ್ದು ಬರದಿದ್ದರೆ ಇನ್ನು 40 ಮಿ.ಲೀ. ಸೇರಿಸಿ. ಮುಳ್ಳು ಕಂಡರೆ ಕಿತ್ತು, ತೂತು ಕೆಳಮುಖವಾಗುವಂತೆ ಚಕ್ರ ತಿರುಗಿಸಿ ಅರ್ಧ ನಿಮಿಷ ನಿಲ್ಲಿಸಿ. ಟ್ಯೂಬ್ ಇರುವವರು ಹೊಸ ಟ್ಯೂಬ್ ಹಾಕುವ ಮುನ್ನ ಟೈರಿನ ಒಳಮೈಯನ್ನು ಬಟ್ಟೆಯಿಂದ ಒಂದು ಸುತ್ತು ಉಜ್ಜಲೇಬೇಕು. ಮುರಿದ ಜಾಲಿಮುಳ್ಳಿನ ತುದಿ ಹೊರಗಿನಿಂದ ಕಾಣುವುದಿಲ್ಲ, ಬಟ್ಟೆಯ ಎಳೆ ಅದಕ್ಕೆ ಸಿಕ್ಕಿಕೊಂಡಾಗಲೇ ಗೊತ್ತಾಗುವುದು. ಇದನ್ನು ಬಿಟ್ಟರೆ ಎರಡನೇ ಟ್ಯೂಬೂ ಹೋಗುತ್ತದೆ.

ಪಂಕ್ಚರ್‌ಗಿಂತ ದುಬಾರಿಯಾದದ್ದು ಇನ್ನೊಂದಿದೆ. ಡಿಸೆಂಬರ್, ಜನವರಿಯಲ್ಲಿ ಒಕ್ಕಣೆಗೆಂದು ಹುರುಳಿ, ರಾಗಿ ಕಡ್ಡಿಯನ್ನು ದಾರಿಯ ಮೇಲೆ ಹರಡಿರುತ್ತಾರೆ, ಕಬ್ಬು ಕಡಿದ ಕಡೆ ತರಗು ಬಿದ್ದಿರುತ್ತದೆ. ಅದರ ಮೇಲೆ ತುಳಿದುಕೊಂಡು ಹೋದರೆ ಹುರುಳಿ ಬಳ್ಳಿ ಹಿಂದಿನ ಡಿರೇಲರ್‌ನ (ಗೇರ್ ಬದಲಿಸುವ ಭಾಗದ) ಪುಟ್ಟ ಚಕ್ರಗಳಿಗೆ ಹಗ್ಗದಂತೆ ಸುತ್ತಿಕೊಳ್ಳುತ್ತದೆ. ಪೆಡಲ್ ಬಿಗಿಯಾಯಿತೆಂದು ಇನ್ನಷ್ಟು ಒತ್ತಿದಿರೋ, ಡಿರೇಲರ್ ಹಿಂದಕ್ಕೆ ತಿರುಚಿ ಚಕ್ರದ ಕಡ್ಡಿಗಳೊಳಗೆ ಹೋಗುತ್ತದೆ, ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಮುರಿಯುತ್ತದೆ. ಆದ್ದರಿಂದ ಇಳಿದು, ಸೈಕಲ್ಲಿನ ಹಿಂಬದಿ ಎತ್ತಿಕೊಂಡು ದಾಟಿ. ಅದು ಯಾರದೋ ವರ್ಷದ ದುಡಿಮೆ, ಆ ಕಾರಣಕ್ಕೂ ಇಳಿಯಬೇಕು. ನಿಮ್ಮ ಫ್ರೇಮಿಗೆ ಹೊಂದುವ ಒಂದು ಹ್ಯಾಂಗರ್ ಚೀಲದಲ್ಲಿ ಯಾವಾಗಲೂ ಇರಲಿ, ಹಳ್ಳಿಯ ಸೈಕಲ್ ಶಾಪಿನಲ್ಲಿ ಅದು ಸಿಗುವುದಿಲ್ಲ. ಜಿಗಟು ಮಣ್ಣಿಗೂ ಇದೇ ಮಾತು. ಚಕ್ರ ಮತ್ತು ಫೋರ್ಕ್ ನಡುವೆ ಕನಿಷ್ಠ 6 ಮಿ.ಮೀ. ಸಂದು ಬೇಕು, ಮಣ್ಣು ತುಂಬಿದ ಕೂಡಲೇ ನಿಲ್ಲಿಸಿ ಕಡ್ಡಿಯಿಂದ ಕೆರೆಯಿರಿ.

ಗೇರಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಮುಂದೆ 40 ಹಲ್ಲಿನ ಒಂದೇ ಚಕ್ರ, ಹಿಂದೆ 11ರಿಂದ 42 ಹಲ್ಲಿನ ಚಕ್ರಗಳಿದ್ದರೆ ಹೆಚ್ಚೇ ಆಯಿತು. ಧೂಳಿನ ಕಾಲದಲ್ಲಿ ಚೈನಿಗೆ ಮೇಣದ ಲೂಬ್ ಹಾಕಿ, ಎಣ್ಣೆ ಹಾಕಿದರೆ ಧೂಳು ಅಂಟಿ ಮರಳುಕಾಗದದಂತೆ ಹಲ್ಲು ಸವೆಸುತ್ತದೆ.

ಒಂದು ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ: ನೀರು. ಬಹುತೇಕ ಏರಿಗಳಿಗೆ ತಡೆಗೋಡೆ ಇಲ್ಲ. 2018ರ ನವೆಂಬರ್‌ನಲ್ಲಿ ಕನಗನಮರಡಿ ಬಳಿ ಬಸ್ಸು ನಾಲೆಗೆ ಉರುಳಿ 30 ಜನ ಸತ್ತರು. ಕಾಂಕ್ರೀಟ್ ಹಾಸಿದ ನಾಲೆಯ ಇಳಿಜಾರು ಪಾಚಿ ಕಟ್ಟಿರುತ್ತದೆ, ಈಜು ಬಲ್ಲವರಿಗೂ ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಎರಡು ಜಾಡಿನಲ್ಲಿ ಯಾವಾಗಲೂ ಗದ್ದೆ ಕಡೆಯ ಜಾಡಿನಲ್ಲೇ ಹೋಗಿ. ಟ್ರ್ಯಾಕ್ಟರ್, ಗಾಡಿ ಎದುರಾದರೆ ಗದ್ದೆ ಬದಿಗೇ ಇಳಿದು ನಿಲ್ಲಿ. ಒಬ್ಬರೇ ಹೋಗಬೇಡಿ, 15 ಮೀಟರ್ ತೆಳು ನೈಲಾನ್ ಹಗ್ಗ ಜೊತೆಗಿರಲಿ. ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡಿ, ಹಗ್ಗ ಎಸೆಯಿರಿ. ಬಿದ್ದವರು ಹರಿವಿಗೆ ಎದುರಾಗಿ ಈಜದೆ ತೇಲುತ್ತಾ ಹೋಗಬೇಕು, ಊರುಗಳ ಬಳಿ ಬಟ್ಟೆ ಒಗೆಯುವ ಮೆಟ್ಟಿಲು ಸಿಗುತ್ತವೆ. ರಂಗನತಿಟ್ಟಿನ ಸುತ್ತ ಹೊಳೆಯಲ್ಲಿ ಮೊಸಳೆಗಳಿವೆ, ಕಾಲು ತೊಳೆಯಲೂ ಇಳಿಯಬೇಡಿ. ಕಬ್ಬಿನ ಗದ್ದೆಗಳಲ್ಲಿ ಚಿರತೆ ಇರುವುದರಿಂದ ಬೆಳಕು ಹರಿದ ಮೇಲೆ ಹೊರಟು, ಸಂಜೆ 5ರೊಳಗೆ ರಸ್ತೆ ಸೇರಿಬಿಡಿ.

ಕುಡಿಯಲು 750 ಮಿ.ಲೀ.ನ ಎರಡು ಬಾಟಲಿ ಸಾಕು, ಹಲವು ಊರುಗಳಲ್ಲಿ ಶುದ್ಧ ನೀರಿನ ಘಟಕ ಇದೆ. ಐದು ರೂಪಾಯಿ ನಾಣ್ಯ ಕೆಲವು ಇಟ್ಟುಕೊಳ್ಳಿ, ನೋಟು ನಡೆಯುವುದಿಲ್ಲ. ನಾಣ್ಯ ಹಾಕಿದರೆ ಒಂದೇ ಸಲಕ್ಕೆ ಕ್ಯಾನ್ ತುಂಬುವಷ್ಟು ನೀರು ಧಾರೆಯಾಗಿ ಬರುತ್ತದೆ. ಹಾಗಾಗಿ ಕ್ಯಾನ್ ಹಿಡಿದು ಬಂದವರು ಯಾರಾದರೂ ಇದ್ದರೆ ನಾಣ್ಯ ನೀವೇ ಹಾಕಿ, ಮೊದಲು ಬಾಟಲಿ ತುಂಬಿಸಿಕೊಂಡು ಉಳಿದದ್ದನ್ನು ಅವರಿಗೆ ಬಿಡಿ. ಮುಂದಿನ ಏರಿ ಸರಿಯಿದೆಯೋ, ಎಲ್ಲಿ ಕಡಿದಿದೆಯೋ ಎಂದು ಅವರನ್ನೇ ಕೇಳಿ. ಗದ್ದೆಗಳಿಗೆ ನಾಲೆಯ ನೀರು ಬಿಡುವ ನೀರುಗಂಟಿ ಸಿಕ್ಕರೆ ಇನ್ನೂ ಒಳ್ಳೆಯದು, ಯಾವ ತೂಬಿನ ಮೇಲಿನ ಚಪ್ಪಡಿ ಕುಸಿದಿದೆ ಎಂಬುದು ಯಾವ ನಕ್ಷೆಗಿಂತಲೂ ಅವರಿಗೆ ಚೆನ್ನಾಗಿ ಗೊತ್ತು.