ಮಂಡಿ ಬಿಟ್ಟರೆ ಬಿಡುಗಡೆಯೇ?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರ ಪತ್ರ: ‘ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಗುಮಾಸ್ತನಾಗಿದ್ದೇನೆ. ದೀಕ್ಷಾಸ್ನಾನವಾಗಿ ಕೆಲವು ವರ್ಷ ಕಳೆದಿದೆ. ಈಚೆಗೆ ಉಪವಾಸ ಪ್ರಾರ್ಥನೆಯಲ್ಲಿ ಒಬ್ಬರು, ದೇವರು ನಿನಗೊಂದು ದೊಡ್ಡ ಉದ್ದೇಶ ಇಟ್ಟಿದ್ದಾನೆ, ಲೋಕದ ಕೆಲಸ ಬಿಡು ಎಂದರು. ಕ್ರಿಸ್ತನಲ್ಲಿ ಬಿಡುಗಡೆ ಸಿಕ್ಕಿದ್ದು ನಿಜವಾದರೆ ತೂಕ, ಲೆಕ್ಕ, ಸಾಲದ ಕಂತು, ತಾಯಿಯ ಔಷಧಿ ಇವೆಲ್ಲ ನನ್ನನ್ನೇಕೆ ಕಟ್ಟಿಹಾಕಿವೆ? ಕೆಲಸ ಬಿಟ್ಟು ಪೂರ್ಣಾವಧಿ ಸುವಾರ್ತೆ ಸಾರುವ ಸೇವೆಗೆ ಬಂದುಬಿಡಲೇ?’

ಸಹೋದರರೇ,

ಬೇಡ. ಕಡೇಪಕ್ಷ ಈ ಕಾರಣಕ್ಕೆ ಬೇಡ.

ಯೋಹಾನನ ಸುವಾರ್ತೆಯ 8ನೇ ಅಧ್ಯಾಯ ತೆಗೆದು ನೋಡಿ. ಯೇಸು ಬಿಡುಗಡೆಯ ಮಾತೆತ್ತಿದ ಕೂಡಲೇ ಎದುರಿದ್ದವರು, ನಾವು ಅಬ್ರಹಾಮನ ವಂಶದವರು, ಯಾರಿಗೂ ಯಾವತ್ತೂ ದಾಸರಾಗಿರಲಿಲ್ಲ ಎಂದು ರೇಗುತ್ತಾರೆ. ರೋಮಿನ ಆಳ್ವಿಕೆಯಡಿ ನಿಂತು ಆಡಿದ ಮಾತದು! ಯೇಸು ರೋಮಿನ ಸುದ್ದಿಗೇ ಹೋಗುವುದಿಲ್ಲ. ಪಾಪ ಮಾಡುವವನು ಪಾಪಕ್ಕೆ ದಾಸ ಎನ್ನುತ್ತಾರೆ. ಅವರು ಬಿಡಿಸುವುದು ಆ ದಾಸತ್ವದಿಂದ. ಕಂತು ನೀವೇ ಕಟ್ಟಬೇಕು.

ನಿಮ್ಮ ಕೆಲಸಕ್ಕೆ ತೀರಾ ಹತ್ತಿರದ ಮಾತು ಲೂಕನ 3ನೇ ಅಧ್ಯಾಯದಲ್ಲಿದೆ. ಸುಂಕದವರು ಸ್ನಾನಿಕನಾದ ಯೋಹಾನನ ಬಳಿ ಬಂದು, ನಾವೇನು ಮಾಡಬೇಕು ಎಂದು ಕೇಳುತ್ತಾರೆ. ಸುಂಕದಕಟ್ಟೆ ಬಿಡಿ ಎಂದು ಅವನು ಹೇಳಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲು ಮಾಡಬೇಡಿ ಎಂದ, ಅಷ್ಟೇ. ಹೊಸನಗರದ ರೈತನೊಬ್ಬ ಚೀಲ ಇಳಿಸಿ ನಿಂತಿದ್ದಾನೆ ಎಂದುಕೊಳ್ಳಿ. ನಾಲ್ಕು ಅಡಿಕೆ ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾರೆ, ರಾಶಿಯೋ ಬೆಟ್ಟೆಯೋ ಗೊರಬಲೋ ಎಂದು ದರ್ಜೆ ಬೇರೆ ಮಾಡುತ್ತಾರೆ. ಅವನ ಕಣ್ಣು ಮಾತ್ರ ನಿಮ್ಮ ಪೆನ್ನಿನ ಮೇಲೆ. ತೇವ ಇದೆ ಎಂದು ಒಂದೆರಡು ಕಿಲೋ ಮುರಿದುಕೊಂಡರೂ ಅವನು ತುಟಿ ಬಿಚ್ಚಲಾರ, ಮುಂಗಡ ಅದೇ ಮಂಡಿಯಲ್ಲಿ ತೆಗೆದಿರುತ್ತಾನೆ. ಆಗ ಧಣಿಯ ಮುಖ ನೋಡದೆ ಇದ್ದ ತೂಕವನ್ನೇ ಬರೆಯಲು ನಿಮ್ಮಿಂದಾಗುತ್ತದೆಯೇ? ಆಗುವುದಾದರೆ ನೀವು ಬಿಡುಗಡೆ ಹೊಂದಿದವರು. ಆಗದಿದ್ದರೆ, ವೇದಿಕೆ ಹತ್ತಿ ಮೈಕು ಹಿಡಿದರೂ ಅದೇ ಹೆದರಿಕೆ ಜೊತೆಗೆ ಬರುತ್ತದೆ. ಅಲ್ಲಿಯೂ ಧಣಿಗಳಿದ್ದಾರೆ, ಕಾಣಿಕೆ ಕೊಡುವವರು!

ಯೇಸು ಕರೆದಾಗ ಲೇವಿ ಎಂಬ ಸುಂಕದವನು ಸುಂಕದಕಟ್ಟೆ ಬಿಟ್ಟೆದ್ದು ಬರಲಿಲ್ಲವೇ ಎಂದು ಕೇಳುತ್ತೀರಿ. ಬಂದ. ಅವನಂತೆಯೇ ಸುಂಕದವನಾದ ಜಕ್ಕಾಯ ಬಿಟ್ಟನೆಂದು ಮಾತ್ರ ಎಲ್ಲೂ ಬರೆದಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸು ಎಂದ. ಅಪೊಸ್ತಲ ಪೌಲನಂತೂ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಮನೆಯಲ್ಲಿದ್ದು ಗುಡಾರ ಮಾಡುವ ಕೆಲಸ ಮಾಡುತ್ತಲೇ ಸಾರಿದ. ಕರೆ ಎಲ್ಲರಿಗೂ ಒಂದೇ ಥರ ಬರುವುದಿಲ್ಲ. ನಿಮ್ಮ ಪರವಾಗಿ ಇನ್ನೊಬ್ಬರು ಅದನ್ನು ಕೇಳಿಸಿಕೊಂಡು ಬಂದು ಹೇಳಿದರೆ ನನಗಂತೂ ಅನುಮಾನ.

ಗಲಾತ್ಯದವರಿಗೆ ಪೌಲ ಬರೆದದ್ದೂ ಇದನ್ನೇ: ನಿಮ್ಮನ್ನು ಕರೆದದ್ದು ಸ್ವಾತಂತ್ರ್ಯಕ್ಕೆ, ಅದನ್ನು ಶರೀರದ ಇಚ್ಛೆಗೆ ಬಳಸದೆ ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆಮಾಡಿ. ನಿಮಗೆ ಸೇವೆ ಬೇಕೆಂದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ದೂರವಿಲ್ಲ. ಸಾಗರ, ಸೊರಬದಿಂದ ರೋಗಿಯ ಜೊತೆ ಬಂದು, ಔಷಧಿ ಚೀಟಿ ಹಿಡಿದು ಯಾವ ಕೌಂಟರಿಗೆ ಹೋಗಬೇಕೆಂದು ತಿಳಿಯದೆ ನಿಂತವರು ಅಲ್ಲಿ ಸಿಗುತ್ತಾರೆ. ಭಾನುವಾರ ಆರಾಧನೆ ಮುಗಿಸಿ ಹೋಗಿ. ಕರಪತ್ರ ಬೇಡ.

ಇನ್ನೊಂದು ವಿಷಯ. ತಾಯಿ, ತಂದೆಗೆ ಸಲ್ಲಬೇಕಾದದ್ದನ್ನು ‘ಕೊರ್ಬಾನ್’, ದೇವರಿಗೆ ಮುಡಿಪು ಎಂದು ಹೇಳಿ ಕೈತೊಳೆದುಕೊಳ್ಳಲು ಬಿಡುವವರನ್ನು ಯೇಸು ಮಾರ್ಕನ 7ನೇ ಅಧ್ಯಾಯದಲ್ಲಿ ಕಪಟಿಗಳೆಂದೇ ಕರೆಯುತ್ತಾರೆ. ಕೆಲಸ ಬಿಡುವ ಬಗ್ಗೆ ಪಾಸ್ಟರನ್ನು ಕೇಳಿದಿರಿ, ಕೂಟದವರನ್ನು ಕೇಳಿದಿರಿ, ಈಗ ನನ್ನನ್ನೂ ಕೇಳಿದಿರಿ. ತಾಯಿಯವರು ಏನೆಂದರು? ಪತ್ರದಲ್ಲಿ ಎಲ್ಲೂ ಇಲ್ಲ.

– ಸಂಪಾದಕ